ಎರಡು ಪರದೆಯ ಕೆಲಸಕ್ಕೆ ಇಷ್ಟೊಂದು ಶುಲ್ಕವೇ?

ಪ್ರಶ್ನೆ: ಆರು ವರ್ಷಗಳಿಂದ ಸ್ವತಂತ್ರವಾಗಿ ವೆಬ್‌ಸೈಟ್ ಮತ್ತು ಆ್ಯಪ್‌ಗಳ ವಿನ್ಯಾಸ ಮಾಡುತ್ತಿದ್ದೇನೆ. ಇಷ್ಟು ದಿನ ಗಂಟೆಯ ಲೆಕ್ಕದಲ್ಲಿ ಶುಲ್ಕ ಪಡೆಯುತ್ತಿದ್ದೆ. ಈಗ ಒಂದು ತರಬೇತಿ ಸಂಸ್ಥೆಯವರು ತಮ್ಮ ಆನ್‌ಲೈನ್ ದಾಖಲಾತಿ ಅರ್ಜಿಯನ್ನು ಹೊಸದಾಗಿ ವಿನ್ಯಾಸ ಮಾಡಿಕೊಡಲು ಕೇಳಿದ್ದಾರೆ. ಕೊಟೇಶನ್ ನೋಡಿದ ಮುಖ್ಯಸ್ಥರು, "ಇರುವುದೇ ಎರಡು ಪರದೆ, ಅದಕ್ಕೆ ಇಷ್ಟೊಂದೇ? ಇದರಿಂದ ನಮಗೆ ಸಿಗುವುದಾದರೂ ಏನು?" ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಲಾಭದಲ್ಲಿ ಪಾಲು ಕೇಳು ಎಂದು ಗೆಳೆಯರೊಬ್ಬರು ಹೇಳುತ್ತಾರೆ. ವಿನ್ಯಾಸದ ವ್ಯಾವಹಾರಿಕ ಮೌಲ್ಯವನ್ನು ನಿಜವಾಗಿಯೂ ಅಳೆಯಬಹುದೇ? ಅಳೆದರೆ ಅದರಿಂದ ಶುಲ್ಕವನ್ನು ನಿಗದಿ ಮಾಡುವುದು ಹೇಗೆ?

ಉತ್ತರ: ಆ ಮುಖ್ಯಸ್ಥರ ಮಾತಿನಲ್ಲಿ ಎರಡು ಪ್ರಶ್ನೆಗಳಿವೆ. "ಇಷ್ಟೊಂದೇ?" ಎಂಬ ಮೊದಲನೆಯದು ನಿಮ್ಮನ್ನು ನೋಯಿಸಿದೆ, ಅದು ಸಹಜ. ಆದರೆ "ನಮಗೆ ಸಿಗುವುದಾದರೂ ಏನು?" ಎಂಬ ಎರಡನೆಯದು ನ್ಯಾಯವಾದ ಪ್ರಶ್ನೆ. ಅಷ್ಟೇ ಅಲ್ಲ, ಅದರ ಉತ್ತರ ನಿಮಗಿಂತ ಚೆನ್ನಾಗಿ ಅವರಿಗೇ ಗೊತ್ತು. ಅದು ಅವರ ಲೆಕ್ಕದ ಪುಸ್ತಕದಲ್ಲಿದೆ. ಅದನ್ನು ಅವರ ಬಾಯಿಂದಲೇ ಹೇಳಿಸುವುದು, ಅದೂ ಕೆಲಸ ಆರಂಭಿಸುವ ಮೊದಲೇ ಹೇಳಿಸುವುದು, ನಿಮ್ಮ ವೃತ್ತಿಯ ಒಂದು ಭಾಗ. ಕೆಲಸ ಮುಗಿದ ಮೇಲೆ ಮೌಲ್ಯವನ್ನು ಹುಡುಕುತ್ತಾ ಹೊರಟವರಿಗೆ ಅದು ಸಿಕ್ಕಿದ್ದನ್ನು ನಾನು ಕಂಡದ್ದು ಬಹಳ ಕಡಿಮೆ.

ವಿನ್ಯಾಸದ ಮೌಲ್ಯ ನೀವು ಕಳುಹಿಸುವ ಕಡತದಲ್ಲಿ ಇರುವುದಿಲ್ಲ. ಆ ಪರದೆಯ ಮುಂದೆ ಕುಳಿತ ವ್ಯಕ್ತಿ ನಿನ್ನೆ ಮಾಡದೆ ಬಿಟ್ಟದ್ದನ್ನು ಇಂದು ಮಾಡಿ ಮುಗಿಸುವುದರಲ್ಲಿ ಅದು ಇದೆ. ಅರ್ಧಕ್ಕೆ ಬಿಡುತ್ತಿದ್ದವನು ಕೊನೆಯವರೆಗೆ ತುಂಬುತ್ತಾನೆ, ಸಹಾಯವಾಣಿಗೆ ಕರೆ ಮಾಡುತ್ತಿದ್ದವಳು ಕರೆ ಮಾಡುವುದಿಲ್ಲ, ತಪ್ಪು ತುಂಬುತ್ತಿದ್ದವರು ಸರಿಯಾಗಿ ತುಂಬುತ್ತಾರೆ. ಈ ಬದಲಾವಣೆಗೆ ಎಣಿಕೆಯಿದೆ. ಎಣಿಕೆಯಿರುವುದಕ್ಕೆ ಹಣದ ಲೆಕ್ಕವೂ ಇದೆ.

ಒಂದು ಪ್ರಸಿದ್ಧ ಉದಾಹರಣೆಯಿಂದ ಆರಂಭಿಸುತ್ತೇನೆ. ಬಳಕೆದಾರ ಸಂಶೋಧಕ ಜೇರೆಡ್ ಸ್ಪೂಲ್ 2009ರಲ್ಲಿ ಒಂದು ದೊಡ್ಡ ಆನ್‌ಲೈನ್ ಮಾರಾಟ ತಾಣದ ಕಥೆ ಬರೆದರು. ಖರೀದಿ ಮಾಡಲು ಬಂದವರ ಮುಂದೆ, ಹಣ ಕಟ್ಟುವ ಮೊದಲೇ, ಲಾಗಿನ್ ಆಗಿ ಅಥವಾ ನೋಂದಾಯಿಸಿಕೊಳ್ಳಿ ಎನ್ನುವ ಒಂದು ಪುಟ ಬರುತ್ತಿತ್ತು. ಹೊಸಬರಿಗೆ ನೋಂದಣಿ ಬೇಡವಾಗಿತ್ತು. ಹಳಬರಿಗೆ ಪಾಸ್‌ವರ್ಡ್ ನೆನಪಿರಲಿಲ್ಲ. ದಿನಕ್ಕೆ 1,60,000 ಜನ ಮರೆತ ಪಾಸ್‌ವರ್ಡ್ ಕೇಳುತ್ತಿದ್ದರು, ಅವರಲ್ಲಿ ಶೇ 75ರಷ್ಟು ಜನ ಖರೀದಿ ಮುಗಿಸಲು ಮತ್ತೆ ಪ್ರಯತ್ನಿಸುತ್ತಲೇ ಇರಲಿಲ್ಲ. ನೋಂದಣಿ ಬಟನ್ ತೆಗೆದು ಅದರ ಜಾಗದಲ್ಲಿ "ಮುಂದುವರಿಯಿರಿ" ಎಂಬ ಬಟನ್ ಹಾಕಿದರು, ಖಾತೆ ಕಡ್ಡಾಯವಲ್ಲ ಎಂದು ಕೆಳಗೆ ಒಂದು ಮಾತು ಬರೆದರು. ಖರೀದಿ ಪೂರ್ಣಗೊಳಿಸುವವರ ಸಂಖ್ಯೆ ಶೇ 45ರಷ್ಟು ಏರಿತು. ಮೊದಲ ವರ್ಷದಲ್ಲಿ ಮಾರಾಟ 30 ಕೋಟಿ ಡಾಲರ್ ಹೆಚ್ಚಿತು.

ಈ ಕಥೆಯನ್ನು ಹೇಳುವವರೆಲ್ಲ 30 ಕೋಟಿಯಲ್ಲಿ ನಿಂತುಬಿಡುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಬೇರೆ. ಇದೇ ಬಟನ್ ಬದಲಾವಣೆಯನ್ನು ದಿನಕ್ಕೆ ಹತ್ತು ಜನ ಬರುವ ತಾಣದಲ್ಲಿ ಮಾಡಿದ್ದರೆ ಸಿಗುತ್ತಿದ್ದದ್ದು ತೀರಾ ಸಣ್ಣ ಮೊತ್ತ. ಕೆಲಸ ಅದೇ, ಕೌಶಲ ಅದೇ, ಗಂಟೆಗಳೂ ಅಷ್ಟೇ, ಮೌಲ್ಯ ಮಾತ್ರ ಸಾವಿರಾರು ಪಟ್ಟು ಬೇರೆ. ಪರದೆಗಳನ್ನು ಎಣಿಸಿ ಬೆಲೆ ಕಟ್ಟುವುದು ಏಕೆ ತಪ್ಪು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಇನ್ನೊಂದು ಮಾತು: ಆ 30 ಕೋಟಿ ಮಾರಾಟದ ಮೊತ್ತ, ಲಾಭವಲ್ಲ. ಮಾರಾಟವನ್ನೇ ಮೌಲ್ಯವೆಂದು ಹೇಳಿಕೊಂಡು ಹೋದ ವಿನ್ಯಾಸಕರನ್ನು ಹಣಕಾಸು ವಿಭಾಗದವರು ಒಂದೇ ನಿಮಿಷದಲ್ಲಿ ಸುಮ್ಮನಾಗಿಸುತ್ತಾರೆ, ಅವರು ಹಾಗೆ ಮಾಡುವುದು ಸರಿಯೂ ಹೌದು. ಖರ್ಚು ಕಳೆದು ಉಳಿಯುವ ಮೊತ್ತವನ್ನಷ್ಟೇ ಮಾತನಾಡಿ.

ಈಗ ನಿಮ್ಮ ಅರ್ಜಿಗೆ ಬರೋಣ. ಲೆಕ್ಕ ಸುಲಭವಾಗಲೆಂದು ತಿಂಗಳಿಗೆ 20,000 ಜನ ಅರ್ಜಿ ತುಂಬಲು ಆರಂಭಿಸುತ್ತಾರೆ, 9,000 ಜನ ಹಣ ಕಟ್ಟಿ ಮುಗಿಸುತ್ತಾರೆ ಎಂದಿಟ್ಟುಕೊಳ್ಳಿ. ಅಂದರೆ ಶೇ 45. ಒಬ್ಬರು ದಾಖಲಾದರೆ ಖರ್ಚೆಲ್ಲ ಕಳೆದು ಸಂಸ್ಥೆಗೆ ಉಳಿಯುವುದು 30, ನಾಣ್ಯ ಯಾವುದಾದರೂ ಆಗಲಿ. ನಿಮ್ಮ ವಿನ್ಯಾಸದಿಂದ ಶೇ 45 ಎನ್ನುವುದು 46 ಆದರೆ ತಿಂಗಳಿಗೆ 200 ಜನ ಹೆಚ್ಚು, ವರ್ಷಕ್ಕೆ 72,000. 48 ಆದರೆ 600 ಜನ, ವರ್ಷಕ್ಕೆ 2,16,000. 50 ಆದರೆ 1,000 ಜನ, ವರ್ಷಕ್ಕೆ 3,60,000. ಹೊಸ ವಿನ್ಯಾಸವನ್ನು ಜಾರಿಗೆ ತರುವ ಪ್ರೋಗ್ರಾಮರ್‌ಗಳ ಖರ್ಚು 30,000 ಎನ್ನಿ. ಅದನ್ನು ಮರೆಯಬೇಡಿ, ಕ್ಲೈಂಟ್ ಮರೆಯುವುದಿಲ್ಲ.

ಇಲ್ಲಿ ಬಹುತೇಕ ವಿನ್ಯಾಸಕರು 3,60,000ವನ್ನು ಹಿಡಿದುಕೊಂಡು ಅದರ ಹತ್ತನೇ ಒಂದು ಭಾಗ ಕೇಳುತ್ತಾರೆ. ನಾನು ಹಾಗೆ ಮಾಡುವುದಿಲ್ಲ, ನೀವೂ ಮಾಡಬೇಡಿ. ಶುಲ್ಕವನ್ನು ಅತ್ಯಂತ ಕಡಿಮೆ ಅಂದಾಜಿನ ಮೇಲೆ ನಿಲ್ಲಿಸಿ. ಶೇ 45 ಎನ್ನುವುದು 46 ಆಗಿ ಒಂದೇ ಶೇಕಡಾವಾರು ಅಂಶ ಏರಿದರೂ ವರ್ಷಕ್ಕೆ 72,000, ಜಾರಿಯ ಖರ್ಚು ಕಳೆದರೆ 42,000. ನಿಮ್ಮ ಶುಲ್ಕ 20,000 ಇದ್ದರೆ, ತೀರಾ ನಿರಾಶಾವಾದಿ ಲೆಕ್ಕದಲ್ಲೂ ಅವರ ಕೈಯಲ್ಲಿ 22,000 ಉಳಿಯುತ್ತದೆ. ಮಧ್ಯಮ ಅಂದಾಜು ನಿಜವಾದರೆ 1,66,000 ಉಳಿಯುತ್ತದೆ. ನಂಬಿಕೆಯಿಲ್ಲದ ಮನುಷ್ಯನೂ ಒಪ್ಪಬಹುದಾದ ಲೆಕ್ಕವಿದು. ಜೊತೆಗೆ ನೀವು ಭರವಸೆ ಕೊಟ್ಟದ್ದಕ್ಕಿಂತ ಹೆಚ್ಚು ಸಿಗುವ ಸಾಧ್ಯತೆ ಯಾವಾಗಲೂ ತೆರೆದಿರುತ್ತದೆ.

ಗಂಟೆಯ ಲೆಕ್ಕವನ್ನು ಎಸೆದುಬಿಡಬೇಕೆಂದು ಇದರ ಅರ್ಥವಲ್ಲ. ಅದನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. ಎಷ್ಟು ಗಂಟೆ ಹಿಡಿಯಿತು, ನಿಮ್ಮ ಖರ್ಚೇನು ಎಂಬುದು ಶುಲ್ಕದ ಕೆಳಮಿತಿ. ಅದಕ್ಕಿಂತ ಕೆಳಗೆ ಇಳಿದರೆ ಕೆಲಸ ಬಿಡುವುದೇ ಲೇಸು. ಕ್ಲೈಂಟ್‌ಗೆ ಸಿಗುವ ಲಾಭ ಮೇಲ್ಮಿತಿ. ಇವೆರಡರ ನಡುವೆ ಎಲ್ಲಿ ನಿಲ್ಲಬೇಕು ಎಂಬುದನ್ನು ಅವರ ಮುಂದೆ ಬೇರೆ ಯಾವ ದಾರಿಗಳಿವೆ ಎನ್ನುವುದು ನಿರ್ಧರಿಸುತ್ತದೆ. ಇದೇ ಫಲವನ್ನು ಇದೇ ಭರವಸೆಯೊಂದಿಗೆ ಕೊಡುವ ಇನ್ನೊಬ್ಬರು 10,000ಕ್ಕೆ ಸಿಕ್ಕರೆ ನಿಮ್ಮ 20,000 ನಿಲ್ಲುವುದಿಲ್ಲ. ಕೆಳಮಿತಿಯೇ ಮೇಲ್ಮಿತಿಗಿಂತ ಮೇಲಿದ್ದರೆ, ಅಂದರೆ ನಿಮ್ಮ ಖರ್ಚು ಅವರ ಲಾಭವನ್ನು ಮೀರುತ್ತಿದ್ದರೆ, ಅದನ್ನು ಅವರಿಗೆ ಮುಖ ಕೊಟ್ಟು ಹೇಳಿ. ಕೆಲಸ ಕೈತಪ್ಪುತ್ತದೆ, ಆದರೆ ಹಾಗೆ ಹೇಳಿದ ಮೇಲೆ ಅದೇ ಕ್ಲೈಂಟ್ ಎರಡು ವರ್ಷ ಬಿಟ್ಟು ದೊಡ್ಡ ಕೆಲಸ ಹಿಡಿದುಕೊಂಡು ಬಂದದ್ದು ನನ್ನ ಅನುಭವದಲ್ಲಿದೆ.

ಅಳತೆಯ ವಿಷಯದಲ್ಲಿ ನಾನೇ ಮಾಡಿದ ಒಂದು ತಪ್ಪನ್ನು ಹೇಳಬೇಕು. ಒಂದು ಸಂಸ್ಥೆಯ ಅರ್ಜಿ ನಮೂನೆಯನ್ನು ಮೂರು ತಿಂಗಳು ಕುಳಿತು ಹೊಸದಾಗಿ ಕಟ್ಟಿಕೊಟ್ಟೆ. ಹೊಸದು ಚೆನ್ನಾಗಿ ನಡೆಯುತ್ತಿದೆ ಎಂದು ಎಲ್ಲರಿಗೂ ಅನ್ನಿಸುತ್ತಿತ್ತು. ಎಷ್ಟು ಚೆನ್ನಾಗಿ ಎಂದು ಹೇಳಲು ಹೋದಾಗ ಹಳೆಯ ಅಂಕಿಗಳೇ ಇರಲಿಲ್ಲ. ವ್ಯವಸ್ಥೆ ಬದಲಿಸುವಾಗ ಹಳೆಯ ದಾಖಲೆಗಳನ್ನು ಅಳಿಸಿಹಾಕಿದ್ದರು, ನಾನೂ ಒಂದು ಪ್ರತಿ ಇಟ್ಟುಕೊಂಡಿರಲಿಲ್ಲ. ಮುಂದಿನ ಹಂತದ ಕೆಲಸಕ್ಕೆ ಹಣ ಮಂಜೂರು ಮಾಡುವ ಸಭೆಯಲ್ಲಿ ನನ್ನ ಬಳಿ ಇದ್ದದ್ದು ಎರಡು ಚಿತ್ರ ಮಾತ್ರ, ಮೊದಲಿನದು ಮತ್ತು ಈಗಿನದು. ಆ ಹಂತ ನಡೆಯಲೇ ಇಲ್ಲ. ಅಂದಿನಿಂದ ಹಳೆಯ ಅಂಕಿಗಳು ಕೈಗೆ ಬರುವವರೆಗೆ ನಾನು ಒಂದು ಗೆರೆಯನ್ನೂ ಎಳೆಯುವುದಿಲ್ಲ.

ಹಳೆಯ ಅಂಕಿ ಇದ್ದರೂ ಸಾಲದು. ಹೊಸ ಅರ್ಜಿ ಬಂದ ತಿಂಗಳಲ್ಲೇ ಸಂಸ್ಥೆ ದೊಡ್ಡ ಜಾಹೀರಾತು ಕೊಟ್ಟಿರಬಹುದು, ದಾಖಲಾತಿಯ ಕಾಲವೇ ಬಂದಿರಬಹುದು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿರುತ್ತದೆ. ಕೊಂಬೆ ಮುರಿದದ್ದು ಕಾಗೆಯಿಂದಲೇ ಎಂದು ತಿಳಿಯಲು ಇರುವ ಗಟ್ಟಿ ಉಪಾಯ ಎ/ಬಿ ಪರೀಕ್ಷೆ: ಒಂದೇ ಅವಧಿಯಲ್ಲಿ ಬಂದವರಲ್ಲಿ ಯಾದೃಚ್ಛಿಕವಾಗಿ ಅರ್ಧ ಜನರಿಗೆ ಹಳೆಯದು, ಅರ್ಧ ಜನರಿಗೆ ಹೊಸದು. ಜಾಹೀರಾತು, ಕಾಲ, ಬೆಲೆ ಎಲ್ಲವೂ ಇಬ್ಬರಿಗೂ ಒಂದೇ. ಉಳಿಯುವ ವ್ಯತ್ಯಾಸ ವಿನ್ಯಾಸದ್ದು.

ಆದರೆ ಎಷ್ಟು ಜನ ಬೇಕು? ಕೈಲೆಕ್ಕಕ್ಕೆ ಒಂದು ಸೂತ್ರವಿದೆ. ಈಗಿನ ಪ್ರಮಾಣವನ್ನು ದಶಮಾಂಶದಲ್ಲಿ ಬರೆದು, ಅದನ್ನು 1ರಿಂದ ಕಳೆದು ಉಳಿದದ್ದರಿಂದ ಗುಣಿಸಿ, 16ರಿಂದ ಗುಣಿಸಿ, ನೀವು ಹಿಡಿಯಬೇಕೆಂದಿರುವ ವ್ಯತ್ಯಾಸವನ್ನೂ ದಶಮಾಂಶದಲ್ಲಿ ಬರೆದು ಅದರ ವರ್ಗದಿಂದ ಭಾಗಿಸಿ. ಒಂದು ಗುಂಪಿಗೆ ಬೇಕಾದ ಜನರ ಸಂಖ್ಯೆ ಸಿಗುತ್ತದೆ. ಶೇ 45 ಎನ್ನುವುದು 48 ಆದದ್ದನ್ನು ಹಿಡಿಯಲು ಗುಂಪಿಗೆ 4,400 ಜನ ಬೇಕು, ಎರಡೂ ಸೇರಿ 8,800. ತಿಂಗಳಿಗೆ 20,000 ಜನ ಬರುವಲ್ಲಿ ಎರಡು ವಾರದ ಕೆಲಸ. ಆದರೆ 45 ಎನ್ನುವುದು 46 ಆದದ್ದನ್ನು ಹಿಡಿಯಲು ಗುಂಪಿಗೆ 39,600 ಜನ ಬೇಕು, ನಾಲ್ಕು ತಿಂಗಳು ಕಾಯಬೇಕು. ವ್ಯತ್ಯಾಸ ಮೂರನೇ ಒಂದಾದರೆ ಜನ ಒಂಬತ್ತು ಪಟ್ಟು. ಮೂರೇ ದಿನಕ್ಕೆ "ಶೇ 12 ಏರಿಕೆ" ಎಂದು ಹಬ್ಬ ಮಾಡುವವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.

ತಿಂಗಳಿಗೆ 300 ಜನ ಬರುವ ತಾಣವಾದರೆ ಮೂರು ಅಂಶದ ವ್ಯತ್ಯಾಸ ಹಿಡಿಯಲೂ ಸುಮಾರು ಎರಡೂವರೆ ವರ್ಷ ಹಿಡಿಯುತ್ತದೆ. ಅಲ್ಲಿ ಎ/ಬಿ ಪರೀಕ್ಷೆಯ ಮಾತೇ ಎತ್ತಬೇಡಿ. ಅಂಥ ಕಡೆ ನನಗೆ ಹೆಚ್ಚು ಪ್ರಿಯವಾದ ಅಳತೆ ಸಹಾಯವಾಣಿಯದು. ಒಮ್ಮೆ ಪಾವತಿ ಸೇವೆಯೊಂದರ ಕರೆ ಸ್ವೀಕರಿಸುವ ಕೊಠಡಿಯಲ್ಲಿ ಎರಡು ದಿನ ಕುಳಿತಿದ್ದೆ. ಹಾಳೆಯ ಎಡಬದಿಯಲ್ಲಿ ಕರೆಯ ಕಾರಣ, ಬಲಬದಿಯಲ್ಲಿ ಗೆರೆಗಳು, ಐದಕ್ಕೊಂದು ಅಡ್ಡಗೆರೆ. ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ಗೆರೆಗಳೆಲ್ಲ ಒಂದೇ ಸಾಲಿನಲ್ಲಿ ಗುಂಪುಗೂಡಿದ್ದವು: "ಹಣ ಕಡಿತವಾಗಿದೆ, ಆದರೆ ಪರದೆಯಲ್ಲಿ ಏನೂ ಬರಲಿಲ್ಲ." ವಾಸ್ತವವಾಗಿ ಬರುತ್ತಿತ್ತು. ಬಿಳಿ ಪರದೆಯ ತುದಿಯಲ್ಲಿ ತಿಳಿಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ಒಂದು ಸಾಲು ಮೂರು ಸೆಕೆಂಡು ಕಾಣಿಸಿಕೊಂಡು ಮಾಯವಾಗುತ್ತಿತ್ತು. ಜನ ಗಾಬರಿಯಾಗಿ ಎರಡನೇ ಸಲ ಹಣ ಕಟ್ಟುತ್ತಿದ್ದರು. ಆಮೇಲೆ ಒಂದನ್ನು ಹಿಂತಿರುಗಿಸಲು ಇನ್ನೊಂದು ಕರೆ. ಒಂದು ಕರೆಗೆ ತಗಲುವ ಖರ್ಚನ್ನು ಅಲ್ಲಿನ ಮೇಲ್ವಿಚಾರಕಿ ಅಲ್ಲೇ ಹೇಳಿದರು. ಮಾಯವಾಗುವ ಸಾಲಿನ ಬದಲು ರಸೀದಿ ಸಂಖ್ಯೆಯಿರುವ ಒಂದು ಪೂರ್ತಿ ಪರದೆ ಹಾಕಿದ ಮೇಲೆ ಮತ್ತೆ ಎರಡು ದಿನ ಹೋಗಿ ಕುಳಿತೆ. ಹಾಳೆಯಲ್ಲಿ ಆ ಕಾರಣದ ಸಾಲು ಬಹುಮಟ್ಟಿಗೆ ಖಾಲಿಯಿತ್ತು. ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದೆ. ಯಾರೂ ಶುಲ್ಕದ ಬಗ್ಗೆ ಚಕಾರ ಎತ್ತಲಿಲ್ಲ.

ಸಿಬ್ಬಂದಿ ಬಳಸುವ ಒಳಗಿನ ತಂತ್ರಾಂಶವಾದರೆ ಅಳೆಯಬೇಕಾದದ್ದು ಸಮಯ. 60 ಜನ ದಿನಕ್ಕೆ 25 ನಮೂದು ಮಾಡುತ್ತಾರೆ, ಪ್ರತಿಯೊಂದರಲ್ಲೂ 40 ಸೆಕೆಂಡು ಉಳಿಸಿದರೆ ದಿನಕ್ಕೆ 16 ಗಂಟೆ 40 ನಿಮಿಷ. ಇಬ್ಬರ ದುಡಿಮೆ. ಆದರೆ ಉಳಿದ ನಿಮಿಷ ತಾನಾಗಿ ಹಣವಾಗುವುದಿಲ್ಲ. ಸಂಸ್ಥೆ ಹೊಸದಾಗಿ ಇಬ್ಬರನ್ನು ನೇಮಿಸಿಕೊಳ್ಳಬೇಕಿದ್ದದ್ದು ತಪ್ಪಿತೇ, ಬಾಕಿ ಬಿದ್ದ ಕೆಲಸ ಮುಗಿಯಿತೇ ಎಂದು ಕೇಳಿ, ಹೌದು ಎಂದರೆ ಮಾತ್ರ ಅದನ್ನು ಲೆಕ್ಕಕ್ಕೆ ಸೇರಿಸಿ. ತೃಪ್ತಿಯನ್ನು ಅಳೆಯಲು 1986ರಲ್ಲಿ ಜಾನ್ ಬ್ರೂಕ್ ರೂಪಿಸಿದ, ಬಳಕೆಯ ಸುಲಭತೆಯ ಬಗ್ಗೆ ಹತ್ತು ಹೇಳಿಕೆಗಳಿರುವ ಎಸ್‌ಯುಎಸ್ ಪಟ್ಟಿ ಇಂದಿಗೂ ಸಾಕು. ಅಂಕ ಸೊನ್ನೆಯಿಂದ ನೂರರವರೆಗೆ, ಸರಾಸರಿ 68, ಆದರೂ ಅದು ಶೇಕಡಾವಾರು ಅಲ್ಲ ಎಂಬುದು ನೆನಪಿರಲಿ.

ಇನ್ನು ದೊಡ್ಡ ವರದಿಗಳ ವಿಷಯ. ಮೆಕಿನ್ಸಿ ಎಂಬ ವ್ಯವಹಾರ ಸಲಹಾ ಸಂಸ್ಥೆ 2018ರಲ್ಲಿ 300 ಕಂಪನಿಗಳನ್ನು ಐದು ವರ್ಷ ಗಮನಿಸಿ, ವಿನ್ಯಾಸದಲ್ಲಿ ಮುಂದಿರುವ ಕಾಲುಭಾಗದ ಕಂಪನಿಗಳ ಆದಾಯದ ಬೆಳವಣಿಗೆ ತಮ್ಮ ಕ್ಷೇತ್ರದ ಇತರರಿಗಿಂತ 32 ಶೇಕಡಾವಾರು ಅಂಶ ಹೆಚ್ಚು ಎಂದು ಹೇಳಿತು. ವಿನ್ಯಾಸಕರೆಲ್ಲ ಇದನ್ನು ತಮ್ಮ ಪ್ರಸ್ತಾವನೆಯ ಮೊದಲ ಪುಟದಲ್ಲಿ ಅಂಟಿಸುತ್ತಾರೆ. ದಯವಿಟ್ಟು ನೀವು ಅಂಟಿಸಬೇಡಿ. ಚೆನ್ನಾಗಿ ನಡೆಯುವ ಕಂಪನಿಗಳ ಬಳಿ ವಿನ್ಯಾಸಕ್ಕೆ ಸುರಿಯಲು ಹಣವಿರುತ್ತದೆ. ವಿನ್ಯಾಸದಿಂದ ಹಣ ಬಂತೇ, ಹಣದಿಂದ ವಿನ್ಯಾಸ ಬಂತೇ ಎಂದು ಆ ಅಂಕಿಯೊಂದೇ ಹೇಳಲಾರದು. ಅದಕ್ಕಿಂತ ಹೆಚ್ಚಾಗಿ, ನಿಮ್ಮ ಮುಂದೆ ಕುಳಿತ ಮುಖ್ಯಸ್ಥರಿಗೆ ಬೇಕಿರುವುದು ಆ 300 ಕಂಪನಿಗಳ ಸಂಗತಿಯಲ್ಲ, ತಮ್ಮ ಅರ್ಜಿಯದು.

ಎಲ್ಲ ವಿನ್ಯಾಸವನ್ನೂ ಹೀಗೆ ಅಳೆಯಬಹುದೇ? ಇಲ್ಲ. ಲೋಗೊ ಕೆಲಸವನ್ನು ನೋಡಿ. 1971ರಲ್ಲಿ ವಿದ್ಯಾರ್ಥಿನಿಯಾಗಿದ್ದ ಕ್ಯಾರೊಲಿನ್ ಡೇವಿಡ್‌ಸನ್ ನೈಕಿಯ ಗುರುತನ್ನು ಬರೆದುಕೊಟ್ಟು ಪಡೆದದ್ದು 35 ಡಾಲರ್, ಗಂಟೆಗೆ ಎರಡು ಡಾಲರ್‌ನಂತೆ ಹದಿನೇಳೂವರೆ ಗಂಟೆ. 1983ರಲ್ಲಿ ಕಂಪನಿ ಅವರಿಗೆ ಷೇರುಗಳನ್ನೂ ಉಂಗುರವನ್ನೂ ಕೊಟ್ಟಿತು. ಗಂಟೆಯ ಲೆಕ್ಕದಿಂದಾದ ಮೋಸಕ್ಕೆ ಉದಾಹರಣೆಯಾಗಿ ಇದನ್ನು ಹೇಳುವುದುಂಟು. ನನಗೆ ಹಾಗನ್ನಿಸುವುದಿಲ್ಲ. 1971ರಲ್ಲಿ ಆ ಗುರುತಿಗೆ ಮೌಲ್ಯವಿರಲಿಲ್ಲ. ಬೂಟುಗಳು, ಓಟಗಾರರು, ಜಾಹೀರಾತು, ಹತ್ತಾರು ವರ್ಷಗಳ ದುಡಿಮೆ ಸೇರಿ ಅದಕ್ಕೆ ಮೌಲ್ಯ ತುಂಬಿದವು. ಇನ್ನೊಂದು ಬದಿಯಲ್ಲಿ, 1986ರಲ್ಲಿ ಹೆಸರಾಂತ ವಿನ್ಯಾಸಕ ಪಾಲ್ ರಾಂಡ್ ಅವರು ನೆಕ್ಸ್ಟ್ ಕಂಪ್ಯೂಟರ್ ಕಂಪನಿಯ ಲೋಗೊಗೆ ಒಂದು ಲಕ್ಷ ಡಾಲರ್ ಪಡೆದರು, ಅದೂ ಒಂದೇ ಒಂದು ವಿನ್ಯಾಸ ಕೊಟ್ಟು. ಲೋಗೊ ಸೊಗಸಾಗಿತ್ತು, ಕಂಪನಿ 1993ರಲ್ಲಿ ಕಂಪ್ಯೂಟರ್ ತಯಾರಿಸುವುದನ್ನೇ ನಿಲ್ಲಿಸಿತು. ಎರಡರಲ್ಲೂ ಮುಂದಾದದ್ದಕ್ಕೂ ಶುಲ್ಕಕ್ಕೂ ನಂಟಿಲ್ಲ. ಇಂಥ ಕೆಲಸದಲ್ಲಿ ಫಲವನ್ನು ಊಹಿಸಿ ಬೆಲೆ ಕಟ್ಟುವುದು ಪ್ರಾಮಾಣಿಕವಲ್ಲ. ಅದು ಎಷ್ಟು ಕಡೆ ಬಳಕೆಯಾಗುತ್ತದೆ, ತಪ್ಪಾದರೆ ಬದಲಿಸಲು ಎಷ್ಟು ಖರ್ಚು, ನಿಮ್ಮ ಅನುಭವದಿಂದ ಆ ತಪ್ಪಿನ ಸಾಧ್ಯತೆ ಎಷ್ಟು ಕಡಿಮೆಯಾಗುತ್ತದೆ ಎಂಬುದರ ಮೇಲೆ ಬೆಲೆ ನಿಲ್ಲಲಿ. ತಪ್ಪಿನ ಬೆಲೆ ಸಣ್ಣದಲ್ಲ. 2009ರ ಜನವರಿಯಲ್ಲಿ ಟ್ರಾಪಿಕಾನಾ ತನ್ನ ಹಣ್ಣಿನ ರಸದ ಪೊಟ್ಟಣದ ವಿನ್ಯಾಸ ಬದಲಿಸಿತು. ಫೆಬ್ರುವರಿ ಕೊನೆಯ ವಾರ ಬರುವಷ್ಟರಲ್ಲಿ ಮಾರಾಟ ಶೇ 20ರಷ್ಟು ಕುಸಿದು, ಹಳೆಯ ಪೊಟ್ಟಣಕ್ಕೇ ಮರಳಬೇಕಾಯಿತು. ಹಳೆಯ ವಿನ್ಯಾಸ ಅಷ್ಟು ದಿನ ಎಷ್ಟು ದುಡಿಯುತ್ತಿತ್ತು ಎಂದು ಅದನ್ನು ತೆಗೆದ ದಿನವೇ ಗೊತ್ತಾದದ್ದು.

ಅಂಕಿ ಏರಿದ ಮಾತ್ರಕ್ಕೆ ಮೌಲ್ಯ ಹುಟ್ಟಿತು ಎಂದೂ ತಿಳಿಯಬೇಡಿ. ಈ ವಿಷಯದಲ್ಲಿ ನನಗೆ ರಾಜಿಯಿಲ್ಲ. ರದ್ದುಮಾಡುವ ಬಟನ್ ಅಡಗಿಸಿಟ್ಟರೆ ಬಿಟ್ಟುಹೋಗುವವರ ಸಂಖ್ಯೆ ಇಳಿಯುತ್ತದೆ. ಮೊದಲೇ ಗುರುತು ಹಾಕಿಟ್ಟ ಚೌಕದಿಂದ ಮಾರಾಟ ಏರುತ್ತದೆ. ಫೋರ್ಟ್‌ನೈಟ್ ಆಟದಲ್ಲಿ ಬಟನ್‌ಗಳನ್ನು ಗೊಂದಲವಾಗುವಂತೆ ಜೋಡಿಸಿ, ಆಟಗಾರರು ಬೇಡದ್ದನ್ನು ಖರೀದಿಸುವಂತೆ ಮಾಡಿದ ಆರೋಪದ ಮೇಲೆ ಅದರ ತಯಾರಕ ಕಂಪನಿ ಎಪಿಕ್ ಗೇಮ್ಸ್ 2022ರಲ್ಲಿ ಗ್ರಾಹಕರ ಹಿತ ಕಾಯುವ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಜೊತೆ ಒಪ್ಪಂದ ಮಾಡಿಕೊಂಡು, ಗ್ರಾಹಕರಿಗೆ ಹಿಂತಿರುಗಿಸಲು 24.5 ಕೋಟಿ ಡಾಲರ್ ಕಟ್ಟಲು ಒಪ್ಪಿತು. ಆದ್ದರಿಂದ ಏರಬೇಕಾದ ಅಂಕಿಯ ಜೊತೆಗೆ ಏರಬಾರದ ಒಂದು ಅಂಕಿಯನ್ನೂ ಒಪ್ಪಂದದಲ್ಲಿ ಬರೆಯಿರಿ: ಹಣ ವಾಪಸು ಕೇಳಿದವರ ಸಂಖ್ಯೆ, ದೂರುಗಳು, ಮೊದಲ ತಿಂಗಳಲ್ಲೇ ಬಿಟ್ಟುಹೋದವರು.

ಗೆಳೆಯರು ಹೇಳಿದ ಲಾಭದ ಪಾಲಿನ ಬಗ್ಗೆ: ಬೇಡ ಎನ್ನುವುದು ನನ್ನ ಸಲಹೆ. ಪಾಲು ಬೇಕೆಂದರೆ ಅವರ ಲೆಕ್ಕಪತ್ರ ನಿಮಗೆ ತೆರೆದಿರಬೇಕು. ನೀವು ಮಾಡಿಕೊಟ್ಟದ್ದನ್ನು ಅವರು ಆರು ತಿಂಗಳು ಜಾರಿಗೆ ತರದೆ ಕೂರಬಹುದು, ತರುವಾಗ ಅರ್ಧ ಬದಲಿಸಬಹುದು, ನಡುವೆ ಬೋಧನಾ ಶುಲ್ಕ ಏರಿಸಿ ದಾಖಲಾತಿಯನ್ನೇ ಕೆಡಿಸಬಹುದು. ಇವಾವುದೂ ನಿಮ್ಮ ಕೈಯಲ್ಲಿಲ್ಲ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದಂತಾಗುತ್ತದೆ. ಅಪಾಯವನ್ನು ಸ್ವಲ್ಪ ಹಂಚಿಕೊಳ್ಳಲೇಬೇಕೆಂದಿದ್ದರೆ, ಖರ್ಚನ್ನು ಪೂರ್ತಿ ಭರಿಸುವ ನಿಶ್ಚಿತ ಶುಲ್ಕ ಮೊದಲು, ಅದರ ಮೇಲೆ ಒಂದು ನಿಗದಿತ ದಿನಾಂಕಕ್ಕೆ ಒಂದು ನಿಗದಿತ ಅಂಕಿ ಮುಟ್ಟಿದರೆ ಮೊದಲೇ ಒಪ್ಪಿದ ಹೆಚ್ಚುವರಿ ಮೊತ್ತ. ಅಷ್ಟಕ್ಕೇ ನಿಲ್ಲಿಸಿ.

ಮುಂದಿನ ಭೇಟಿಯಲ್ಲಿ ಆ ಮುಖ್ಯಸ್ಥರ ಮುಂದೆ ಕೊಟೇಶನ್ ಇಡಬೇಡಿ. ಎಷ್ಟು ಜನ ಆರಂಭಿಸುತ್ತಾರೆ, ಎಷ್ಟು ಜನ ಮುಗಿಸುತ್ತಾರೆ, ಒಬ್ಬರು ದಾಖಲಾದರೆ ನಿಮಗೆ ಉಳಿಯುವುದೆಷ್ಟು ಎಂದು ಕೇಳಿ. ಮೂರನೆಯದನ್ನು ಹೇಳಲು ಅವರು ಹಿಂಜರಿದರೆ, ನಿಮ್ಮದೇ ಊಹೆಯನ್ನು ಹೇಳಿ. ಊಹೆ ತಪ್ಪಿದ್ದರೆ ಅವರೇ ತಿದ್ದುತ್ತಾರೆ. ಏರಿಕೆಯ ಅಂದಾಜನ್ನೂ ಅವರೇ ಹೇಳಲಿ: "ಇದರಿಂದ ಎಷ್ಟು ಏರಿದರೆ ಈ ಕೆಲಸ ಸಾರ್ಥಕ ಎಂದು ನಿಮಗನ್ನಿಸುತ್ತದೆ?" ಅವರು ಹೇಳಿದ ಅಂಕಿಗಳನ್ನು ಅವರೆದುರೇ ಕಾಗದದ ಮೇಲೆ ಗುಣಿಸಿ, ಮೊತ್ತ ಬಂದಾಗ ಕಾಗದವನ್ನು ಅವರ ಕಡೆ ತಿರುಗಿಸಿ, ನೀವು ಸುಮ್ಮನಿರಿ. ಶುಲ್ಕದ ಮಾತು ಅದರ ನಂತರ.

ಮತ್ತು ಹೊರಡುವ ಮುನ್ನ, ಕೆಲಸ ನಿಮಗೆ ಸಿಗುವುದೋ ಇಲ್ಲವೋ ಗೊತ್ತಾಗುವ ಮೊದಲೇ, ಕಳೆದ ಹನ್ನೆರಡು ತಿಂಗಳ ಅಂಕಿಗಳ ಒಂದು ಪ್ರತಿಯನ್ನು ತೆಗೆದಿಡಲು ಅವರಿಗೆ ಹೇಳಿ.